ಡಬ್ಬಿಗೆ ರೊಕ್ಕ ಬಿತ್ತು, ಫೋನು ಮಾಡುವವರು ಯಾರು?

ದುರ್ಗದಬೈಲಿನ ಅಂಗಡಿಕಾರರಿಗೆ ಡಬ್ಬಿ ಹೊಸದಲ್ಲ. ಗಣಪತಿ ಪಟ್ಟಿ, ಕಾಮಣ್ಣನ ಪಟ್ಟಿ, ಜಾತ್ರೆ ಪಟ್ಟಿ, ಹೊಳೆ ಬಂದರೆ ನೆರೆ ಪರಿಹಾರದ ಪಟ್ಟಿ. ವರ್ಷದ ಹನ್ನೆರಡೂ ತಿಂಗಳು ಗಲ್ಲೆಯ ಮುಂದೆ ಯಾರಾದರೊಬ್ಬರು ಪಾವತಿ ಪುಸ್ತಕ ಹಿಡಿದು ನಿಂತೇ ಇರುತ್ತಾರೆ. ಅದೇ ಸಾಲಿನಲ್ಲಿ ಕಾಲೇಜು ಹುಡುಗ-ಹುಡುಗಿಯರು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಬಂದು, "ಕಾಕಾ, ಮಕ್ಕಳ ಸಹಾಯವಾಣಿಗೆ ಏನಾರ ಹಾಕ್ರಿ" ಎಂದರೆ, ಸಾವಕಾರರು ಗಿರಾಕಿಯ ಮುಖ ನೋಡುತ್ತಲೇ ಹತ್ತರ ನಾಣ್ಯ ಟಣ್ಣೆನಿಸಿ ಸಾಗಹಾಕುತ್ತಾರೆ. 1098 ಅಂದರೇನು, ಆ ಫೋನು ಎತ್ತುವವರು ಯಾರು, ಹಾಕಿದ ಹತ್ತು ರೂಪಾಯಿ ಎಲ್ಲಿಗೆ ಹೋಯಿತು? ಕೇಳುವವರಿಲ್ಲ, ಹೇಳುವವರೂ ಇಲ್ಲ.

ಅಲ್ಲೊಬ್ಬ ಇಲ್ಲೊಬ್ಬ ಕೇಳುತ್ತಾನೆನ್ನಿ. "ಅದು ಸರಕಾರದ ಫೋನಲ್ಲೇನೋ ತಮ್ಮಾ? ಅದಕ್ಕ ನಮ್ಮ ರೊಕ್ಕ ಯಾಕ?" ಇದು ಜಿಪುಣನ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ.

ಈ ಫೋನು ಹುಟ್ಟಿದ್ದು 1996ರಲ್ಲಿ, ಮುಂಬಯಿಯಲ್ಲಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೆರೂ ಬಿಲಿಮೋರಿಯಾ ಎಂಬ ಹೆಣ್ಣುಮಗಳು ಬೀದಿ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದಾಗ, ಮಕ್ಕಳು ಹೊತ್ತು-ವೇಳೆ ಎನ್ನದೆ ಅವರಿಗೇ ಫೋನು ಮಾಡುತ್ತಿದ್ದರು. ಒಬ್ಬರಿಂದ ನೀಗದ ಆ ಕೆಲಸಕ್ಕೆ ಒಂದು ಸಂಖ್ಯೆ ಬಂತು. ಹತ್ತು, ಒಂಬತ್ತು, ಎಂಟು. ಎಣಿಕೆ ಬರುವ ಮಗುವಿನ ನೆನಪಿನಲ್ಲಿ ಉಳಿಯುವಂಥದು. ಮುಂದೆ ಅದು ದೇಶದ ತುಂಬ ಹಬ್ಬಿತು. ರೊಕ್ಕ ಬಹುಪಾಲು ಸರಕಾರದ್ದು, ಓಡಾಟ ಊರೂರಿನ ಸೇವಾ ಸಂಸ್ಥೆಗಳದ್ದು. 2023ರಿಂದ ಲೆಕ್ಕ ಬದಲಾಯಿತು. ಮಿಷನ್ ವಾತ್ಸಲ್ಯ ಎಂಬ ಯೋಜನೆಯಡಿ ಫೋನು ಎತ್ತುವ ಕೆಲಸ ಮಹಿಳಾ ಮತ್ತು ಮಕ್ಕಳ ಇಲಾಖೆಯ ಕೈಗೆ ಹೋಯಿತು. ತುರ್ತು ಕರೆಗಳಿಗಾಗಿ ಪೋಲೀಸರ 112ರ ಜೊತೆ ಜೋಡಣೆಯಾಯಿತು. ಸ್ಥಳಕ್ಕೆ ಹೋಗುವ ಹೊಣೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದಾಯಿತು. ಅಂದಮೇಲೆ "ಸಹಾಯವಾಣಿಗೆ ಸಹಾಯ" ಎಂದು ಡಬ್ಬಿಯ ಮೇಲೆ ಬರೆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆಯೇ ಸರಿ.

ಹಾಗಂತ ಹುಡುಗರು ಡಬ್ಬಿ ಹಿಡಿಯುವುದೇ ತಪ್ಪೆನ್ನಲಾಗದು. ವಂತಿಗೆಯ ಮಣ್ಣು ಇದು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತೆಂದರೆ, ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಜನರ ಮುಂದೆ ಕೈಯೊಡ್ಡಿದ್ದರಿಂದ. ಮನೆಬಿಟ್ಟು ಬಂದ ಹುಡುಗನಿಗೆ ಒಂದು ಜೊತೆ ಅಂಗಿ-ಚಡ್ಡಿ, ಕಾಲಿಗೆ ಚಪ್ಪಲಿ, ಹೊಟ್ಟೆಗೆ ಬಿಸಿ ಊಟ ಬೇಕು. ಸರಕಾರಿ ಕಾಗದ ಮೇಜಿನಿಂದ ಮೇಜಿಗೆ ಹೋಗುವತನಕ ಹಸಿವೆ ಕಾಯುವುದಿಲ್ಲ. ಅಂಥದಕ್ಕೆ ಕೂಡಿಸಲಿ. ಆದರೆ ಯಾವ ಸಂಸ್ಥೆಗೆ ಎಂಬುದನ್ನು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಲಿ. ಪಾವತಿ ಕೊಡಲಿ. ತಿಂಗಳಾದ ಮೇಲೆ ಅದೇ ಅಂಗಡಿಗೆ ಬಂದು ಲೆಕ್ಕದ ಚೀಟಿ ಹಚ್ಚಿ ಹೋಗಲಿ. ಗಣಪತಿ ಮಂಡಳದವರೇ ಲೆಕ್ಕ ಹಚ್ಚುತ್ತಾರೆ, ಓದಿದ ಹುಡುಗರಿಗೆ ಇದೇನು ಭಾರ?

ಇನ್ನು ಸಾವಕಾರರ ಸರದಿ.

ಹುಬ್ಬಳ್ಳಿಯೆಂದರೆ ನಾಲ್ಕೂ ದಿಕ್ಕಿನ ರೈಲು ಕೂಡುವ ಜಂಕ್ಷನ್. ಸಿದ್ಧಾರೂಢರ ಹೆಸರಿನ ನಿಲ್ದಾಣದಲ್ಲಿ 2023ರಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದಾಗ, ಜಗತ್ತಿನಲ್ಲೇ ಉದ್ದದ್ದೆಂದು ಊರಿಗೆ ಊರೇ ಬೀಗಿತು. ಅಷ್ಟುದ್ದದ ಜಾಗದಲ್ಲಿ ಅಪ್ಪನ ಹೊಡೆತಕ್ಕೋ, ಪರೀಕ್ಷೆಯ ಅಂಜಿಕೆಗೋ ಮನೆಬಿಟ್ಟು ಇಳಿದ ಹತ್ತು ವರ್ಷದ ಹುಡುಗನೊಬ್ಬ ಕಣ್ಣಿಗೆ ಬೀಳುವುದು ಹೇಗೆ? ರೈಲ್ವೆ ಪೋಲೀಸರ ಕಣ್ಣು ತಪ್ಪಿದರೆ ಅವನು ಬಂದು ನಿಲ್ಲುವುದು ಸ್ಟೇಶನ್ ರೋಡಿನ ಚಹಾ ಅಂಗಡಿಯ ಮುಂದೆ, ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನ ಗಾಡಿಯ ಹತ್ತಿರ.

1996ರ ಕಾಲ ಬೇರೆ. ಕಿರಾಣಿ ಅಂಗಡಿಯ ಮುಂದೆ ಕೆಂಪು ಡಬ್ಬಿ ಫೋನು, ಹಾದಿಗೊಂದು ಎಸ್‌ಟಿಡಿ ಬೂತು. 1098ಕ್ಕೆ ಕಾಸು ಬೇಡ, ಮಗು ತಾನೇ ತಿರುವಬಹುದಿತ್ತು. ಆ ಬೂತುಗಳು ಮುಚ್ಚಿಹೋದವು. ಎಲ್ಲರ ಕಿಸೆಯಲ್ಲೂ ಮೊಬೈಲ್ ಬಂತು, ಮನೆಬಿಟ್ಟು ಬಂದ ಹುಡುಗನ ಕಿಸೆ ಮಾತ್ರ ಖಾಲಿ. ಅವನ ಪಾಲಿಗೆ ಬೂತು ಅಂದರೆ ಈಗ ಅಂಗಡಿಕಾರನ ಅಂಗೈ. ಅಲ್ಲಿ ಸಿಗುವ ಉತ್ತರವೋ, "ಏ, ಸರಕೊಂಡು ನಿಂದ್ರು, ಗಿರಾಕಿ ಬರ್ತಾರ."

ಇಲ್ಲವೇ ಅದಕ್ಕೂ ಕೆಟ್ಟದಾದ ದಯೆ: "ಪಾಪ, ಇಲ್ಲೇ ಉಂಡು ಬಿದ್ದಿರಲಿ, ನಾಕು ಗ್ಲಾಸ್ ತೊಳಿತಾನ." ದಯೆ ಮಾಡಿದವರಿಗೆ ಕಾಯದೆಯ ಸುದ್ದಿ ಗೊತ್ತಿರಲಿ. ದಿಕ್ಕಿಲ್ಲದ, ಹಾದಿ ತಪ್ಪಿದ ಮಗುವನ್ನು ಕಂಡು ಹತ್ತಿರ ಇಟ್ಟುಕೊಂಡವರು 24 ತಾಸಿನೊಳಗೆ ಸಹಾಯವಾಣಿಗೋ, ಪೋಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕೆಂದು 2015ರ ಬಾಲನ್ಯಾಯ ಕಾಯದೆ ಹೇಳುತ್ತದೆ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10 ಸಾವಿರ ದಂಡ, ಇಲ್ಲವೇ ಎರಡೂ. ಹದಿನಾಲ್ಕರ ಒಳಗಿನವನನ್ನು ದುಡಿಸಿಕೊಂಡರೆ 2016ರ ತಿದ್ದುಪಡಿಯ ಪ್ರಕಾರ 20 ಸಾವಿರದಿಂದ 50 ಸಾವಿರ ದಂಡ, ಜೈಲೂ ಉಂಟು.

"ಫೋನು ಮಾಡಿದರ ನಾಳೆ ಕೋರ್ಟು-ಕಚೇರಿ ಯಾರು ಅಲೀತಾರ್ರೀ?" ಎಂಬುದು ಪೇಟೆಯ ಹಳೇ ಅಂಜಿಕೆ. ಕಂಡದ್ದನ್ನು, ಕಂಡ ಜಾಗವನ್ನು ಹೇಳುವುದೇ ಆ ಕರೆಯ ಮುಖ್ಯ ಕೆಲಸ. ಹೆಸರು ಹೇಳಲು ಮನಸ್ಸಿಲ್ಲದವರೂ ಮಾಡಬಹುದು. ಕಾಸಿನ ಖರ್ಚಿಲ್ಲ, ರಾತ್ರಿ ಹಗಲು ನಡೆಯುತ್ತದೆ. ಚಿಗರಿ ಬಸ್ಸಿನಲ್ಲಿ ಧಾರವಾಡ ಮುಟ್ಟುವುದರೊಳಗೆ ರೀಲ್ಸ್ ನೋಡಿ ಮುಗಿಸುವವರಿಗೆ ಎರಡು ನಿಮಿಷ ಹೆಚ್ಚಲ್ಲ.

ಆದ್ದರಿಂದ ಮುಂದಿನ ಸಲ ಬರುವ ಕಾಲೇಜು ಹುಡುಗರು ಡಬ್ಬಿಯ ಜೊತೆಗೆ ಗೇಣಗಲದ ಸ್ಟಿಕ್ಕರನ್ನೂ ತರಲಿ. ಹತ್ತು ರೂಪಾಯಿ ಕೇಳುವ ಮೊದಲು ಗೋಡೆ ಕೇಳಲಿ. "ಗಲ್ಲೆಯ ಮುಂದ ಬ್ಯಾಡ, ಅಲ್ಲಿ ಲಕ್ಷ್ಮೀ ಫೋಟೋ ಐತಿ, ಬಾಗಿಲ ಬಲಕ್ಕ ಹಚ್ಚು" ಎನ್ನುತ್ತಾರೆ ಸಾವಕಾರರು. ಅಲ್ಲೇ ಹಚ್ಚಲಿ. ಆದರೆ ದೊಡ್ಡವರ ಕಣ್ಣಳತೆಗೆ ಅಲ್ಲ, ನೆಲದಿಂದ ಮೂರು ಅಡಿ ಮೇಲೆ.