ತಳ ತೆಗೆದ ಹಿಡಿಕೆ

ಕೊಚ್ಚಿಯ ಕಾಫಿ ಮಳಿಗೆಯೊಂದರಲ್ಲಿ ಕೆಲಸಕ್ಕೆ ಸೇರಿರುವ ನನ್ನ ಸೋದರಳಿಯ ಕಳೆದ ವಾರ ಊರಿಗೆ ಬಂದಿದ್ದ. ಮುಖ ಬಾಡಿತ್ತು. “ಮಾವಾ, ನನ್ನ ಕೈಗೆ ತಳವಿಲ್ಲದ ಪೋರ್ಟಾಫಿಲ್ಟರ್ ಕೊಟ್ಟಿದ್ದಾರೆ. ಮೊದಲ ದಿನವೇ ಕಾಫಿ ಚಿಮ್ಮಿ ಅಂಗಿಯೆಲ್ಲ ಕಲೆಯಾಯಿತು. ಹಳೆಯದನ್ನೇ ಕೊಡಿರೆಂದು ಕೇಳಲೇ?” ಎಂದ.

“ಹಳೆಯದರಲ್ಲಿ ರುಚಿ ಹೇಗಿತ್ತು?”

“ಒಂದು ಲೋಟ ಚೆನ್ನಾಗಿರುತ್ತಿತ್ತು, ಇನ್ನೊಂದು ಹುಳಿ. ಏಕೆಂದು ತಿಳಿಯುತ್ತಿರಲಿಲ್ಲ.”

ಅವನ ಕಷ್ಟಕ್ಕೆ ಉತ್ತರ ಆ ಕೊನೆಯ ಮಾತಿನಲ್ಲೇ ಇತ್ತು.

ನಮ್ಮ ಮನೆಯ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ನಿಧಾನವಾಗಿ ಇಳಿಯುತ್ತದೆ. ಇಟಲಿಯವರ ಎಸ್ಪ್ರೆಸ್ಸೊಗೆ ಆ ತಾಳ್ಮೆಯಿಲ್ಲ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಹಬೆಯೊತ್ತಡದ ಯಂತ್ರಕ್ಕೆ ಪೇಟೆಂಟ್ ಕೋರಿದನು. ಎರಡನೆಯ ಮಹಾಯುದ್ಧದ ಬಳಿಕ ಅದೇ ನಗರದ ಅಕಿಲ್ಲೆ ಗಾಜ್ಜಾ ಸನ್ನೆಗೋಲಿನಿಂದ ಒತ್ತಡ ಹೆಚ್ಚಿಸುವ ಯಂತ್ರವನ್ನು ಬಳಕೆಗೆ ತಂದನು. ಇಂದಿನ ರೂಢಿ ಸುಮಾರು 9 ಬಾರ್, ಎಂದರೆ ವಾತಾವರಣದ ಒತ್ತಡದ ಒಂಬತ್ತು ಪಟ್ಟು. 18 ಗ್ರಾಂ ಪುಡಿಯಿಂದ 25–30 ಸೆಕೆಂಡುಗಳಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯಬೇಕು. (ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ. ಮಿಲಾನಿನ ಲೋಟದಲ್ಲಿ ವಯನಾಡಿನ ರೋಬಸ್ಟಾ ಇದ್ದರೆ ಅಚ್ಚರಿಯಿಲ್ಲ.)

ಅಷ್ಟು ಒತ್ತಡದ ನೀರು ಸುಲಭದ ದಾರಿಯನ್ನೇ ಹುಡುಕುತ್ತದೆ. ಗದ್ದೆಯ ಹುಣಿಯಲ್ಲಿ ಏಡಿಯ ಬಿಲವೊಂದಿದ್ದರೆ ನೀರೆಲ್ಲ ಅತ್ತಲೇ ನುಗ್ಗುವುದಿಲ್ಲವೇ? ಪುಡಿಯಲ್ಲಿ ಗಂಟು, ಬಿರುಕು, ಸಡಿಲ ಅಂಚು ಇದ್ದರೆ ಹಾಗೆಯೇ ಆಗುತ್ತದೆ. ನೀರು ಹರಿದ ದಾರಿಯ ಪುಡಿ ಅತಿಯಾಗಿ ಸೋಸಿ ಕಹಿಯಾಗುತ್ತದೆ. ಉಳಿದ ಪುಡಿಯ ಸಾರ ಪೂರ್ತಿ ಇಳಿಯದೆ ಹುಳಿ ಉಳಿಯುತ್ತದೆ. ಸಾಧಾರಣ ಹಿಡಿಕೆಯಲ್ಲಿ ಜಾಲರಿ ಬಟ್ಟಲಿನ ಕೆಳಗೊಂದು ತಳವೂ ಕವಲು ಮೂತಿಯೂ ಇರುವುದರಿಂದ ಒಳಗೆ ಏನೇ ನಡೆದರೂ ಹೊರಗೆ ಕಾಣುವುದು ಎರಡು ಅಂದದ ಧಾರೆಗಳೇ. ಆ ತಳವನ್ನು ಕತ್ತರಿಸಿ ತೆಗೆದರೆ ಬಟ್ಟಲಿನ ಅಡಿ ಕಣ್ಣಿಗೆ ಬೀಳುತ್ತದೆ. ಈ ಹಿಡಿಕೆ ತಾನಾಗಿ ರುಚಿ ಕೊಡುವುದಿಲ್ಲ. ಆ ಭ್ರಮೆಯಿಂದ ಹಣ ತೆತ್ತವರುಂಟು.

ಅಳಿಯನಿಗೆ ಅಡಿಯನ್ನು ಓದಲು ಹೇಳಿದೆ. ಜಾಲರಿಯ ತುಂಬ ಕಪ್ಪು ಹನಿಗಳು ಸರಿಸುಮಾರು ಒಮ್ಮೆಗೇ ಮೂಡಿ, ನಡುವಿಗೆ ಸರಿದು, ಒಂದೇ ಎಳೆಯಾಗಿ ಇಳಿದರೆ ನೀರು ಸಮವಾಗಿ ಹರಿದಿದೆ. ಒಂದು ಬದಿಯಲ್ಲೇ ಮೊದಲು ಹನಿದರೆ ಪುಡಿ ಓರೆಯಾಗಿ ಅಮುಕಲ್ಪಟ್ಟಿರಬಹುದು, ಅಥವಾ ಆ ಬದಿಗೆ ಪುಡಿ ಕಡಿಮೆ ಬಿದ್ದಿರಬಹುದು. ಸೂಜಿಯಂತೆ ಚಿಮ್ಮಿದರೆ ಅಲ್ಲಿ ಬಿಲವಿದೆ. ಉಳಿದೆಡೆ ಕಪ್ಪಾಗಿರುವಾಗಲೇ ಒಂದು ಕಡೆ ಬಿಳಿಚಿದರೂ ಅದೇ ಅರ್ಥ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಅಮುಕುವ ಮೊದಲು ತೆಳುವಾದ ಸೂಜಿಗಳಿಂದ ಪುಡಿಯನ್ನು ಅಡಿಯವರೆಗೂ ಕೆದಕಿ ಗಂಟು ಬಿಡಿಸಬೇಕು. ಮಟ್ಟ ಮಾಡಿ ನೇರವಾಗಿ ಒತ್ತಬೇಕು. ಒತ್ತಿದ ಮೇಲೆ ಹಿಡಿಕೆಯನ್ನು ಕುಟ್ಟಬಾರದು. ಇಷ್ಟಾದರೂ ಚಿಮ್ಮುತ್ತಿದ್ದರೆ ಬೀಸುವ ಹದವನ್ನು ತುಸು ಬದಲಿಸಿ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಗುಣ ಮಾಡಿತೆಂದು ತಿಳಿಯುವ ಬಗೆಯೇ ಇಲ್ಲ.

“ತಪ್ಪೆಲ್ಲ ಗಿರಾಕಿಗಳಿಗೂ ಕಾಣುತ್ತದಲ್ಲ ಮಾವಾ” ಎಂದು ಗೊಣಗುತ್ತಲೇ ಹೋದ. ನಿನ್ನೆ ಫೋನು ಮಾಡಿದ್ದ. ಚಿಮ್ಮುವುದು ನಿಂತಿದೆಯಂತೆ, ಎಳೆಯೂ ಒಂದೇ ಬರುತ್ತಿದೆಯಂತೆ. ಆದರೂ ಕಾಫಿ ಇನ್ನೂ ಕೊಂಚ ಹುಳಿ. ಕಣ್ಣಿಗೆ ಅಂದವಾದದ್ದೆಲ್ಲ ನಾಲಿಗೆಗೆ ಒಪ್ಪಬೇಕೆಂದಿಲ್ಲ. ನೀರಿನ ಬಿಸಿಯೂ ಬೀಜ ಹುರಿದ ಹದವೂ ಬಟ್ಟಲಿನ ಅಡಿಯಲ್ಲಿ ಕಾಣುವುದಿಲ್ಲ. ಇಂದು ಪುಡಿಯನ್ನು ಒಂದು ಗೆರೆ ನುಣ್ಣಗೆ ಬೀಸಿ ನೋಡುತ್ತಾನಂತೆ.