ಅತ್ತೆಯವರ ಎರಡು ಹೆಸರು, ಒಂದು ವೀಸಾ

ಬ್ಯಾಡಗಿಯಲ್ಲಿರುವ ನಮ್ಮ ಸೋದರಮಾವನವರು ನಲವತ್ತು ವರ್ಷಗಳ ಕಾಲ ಮೆಣಸಿನಕಾಯಿಯ ದಲಾಲಿ ಅಂಗಡಿ ನಡೆಸಿದವರು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿ ತೆಗೆದು ನೋಡಿದರೆ ಸಾಕು; ಅದು ಡಬ್ಬಿಯೋ ಕಡ್ಡಿಯೋ, ಕಣದಲ್ಲಿ ಎಷ್ಟು ಬಿಸಿಲು ಕಂಡಿದೆ, ಒಳಗೆ ತೇವ ಉಳಿದಿದೆಯೇ ಎಂಬುದನ್ನೆಲ್ಲ ಹೇಳಬಲ್ಲರು. ಇಂಥ ಪರೀಕ್ಷಕರು ತಮ್ಮ ಮನೆಯ ಕಾಗದಪತ್ರಗಳನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಅದರಿಂದಾದ ಫಜೀತಿಯನ್ನು ವಾಚಕರ ಮುಂದಿಡುತ್ತಿದ್ದೇನೆ. ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಆದಕಾರಣ ಯಾರೂ ಸಂಕೋಚಪಡಬೇಕಾಗಿಲ್ಲ.

ಅಂಗಡಿಯನ್ನು ಮಗನಿಗೆ ಒಪ್ಪಿಸಿದ ದಿನ ಮಾವನವರು ಅತ್ತೆಯವರಿಗೆ ಒಂದು ಮಾತು ಕೊಟ್ಟರು: “ನಿನಗ ಹಿಮಾ ತೋರಸ್ತೀನಿ.” ೧೯೭೮ರಲ್ಲಿ ರಾಣೇಬೆನ್ನೂರಿನಿಂದ ಸೊಸೆಯಾಗಿ ಬಂದ ಅತ್ತೆಯವರು ಧರ್ಮಸ್ಥಳ, ಸಿರಸಿಯ ಜಾತ್ರೆ, ಒಮ್ಮೆ ಕಾಶಿ, ಇಷ್ಟನ್ನು ಬಿಟ್ಟು ಬೇರೆ ಊರು ಕಂಡವರಲ್ಲ. ಹಾವೇರಿ ಮತ್ತು ರಾಣೇಬೆನ್ನೂರಿನ ಮೂರು ದಂಪತಿಗಳು ಯೂರೋಪಿನ ಮೂರು ದೇಶಗಳಿಗೆ ಹೊರಟಿದ್ದರು. ಇವರು ನಾಲ್ಕನೆಯವರಾಗಿ ಸೇರಿಕೊಂಡರು.

ಪಾಸ್‌ಪೋರ್ಟಿಗೆ ತೊಂದರೆಯಾಗಲಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿಬಂದರು. ಪೋಲೀಸರು ಮನೆಗೆ ಬಂದು ವಿಚಾರಿಸಿದರು. ಅಂಚೆಯಲ್ಲಿ ಪುಸ್ತಕ ಬಂತು. ನಮ್ಮಲ್ಲಿ ಅನೇಕರು ಇಷ್ಟಕ್ಕೇ ಅರ್ಧ ಪ್ರವಾಸ ಮುಗಿಯಿತೆಂದು ತಿಳಿಯುತ್ತಾರೆ. ಹಾಗಲ್ಲ. ಪಾಸ್‌ಪೋರ್ಟು ನಮ್ಮ ಸರಕಾರ ನಮಗೆ ಕೊಡುವ ಗುರುತು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಒಂದು ಅಂಗವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೬೭ರಲ್ಲಿ ತೀರ್ಪಿತ್ತಿತು. ಆ ವರ್ಷವೇ ಪಾಸ್‌ಪೋರ್ಟ್ ಕಾಯಿದೆಯೂ ಬಂತು. ಆದರೆ ವೀಸಾ ಎಂಬುದು ಪರರಾಷ್ಟ್ರ ಕೊಡುವ ಅನುಮತಿ. ಅಲ್ಲಿ ನಮ್ಮ ಹಕ್ಕಿನ ಮಾತು ನಡೆಯದು. ಹೊರಡುವುದು ನಮ್ಮ ಹಕ್ಕು, ಬಾಗಿಲು ತೆರೆಯುವುದು ಅವರ ಇಷ್ಟ.

ಯೂರೋಪಿನಲ್ಲಿ ಒಂದು ಅನುಕೂಲವಿದೆ. ೧೯೮೫ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಸಣ್ಣ ಊರಿನಲ್ಲಿ ಐದು ದೇಶಗಳು ಗಡಿಯ ತಪಾಸಣೆ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. ಇಂದು ೨೯ ದೇಶಗಳು ಆ ವ್ಯವಸ್ಥೆಯಲ್ಲಿವೆ. ಒಂದೇ ವೀಸಾದ ಮೇಲೆ ೧೮೦ ದಿನಗಳ ಅವಧಿಯಲ್ಲಿ ಹೆಚ್ಚೆಂದರೆ ೯೦ ದಿನ ಇವುಗಳಲ್ಲಿ ಸಂಚರಿಸಬಹುದು. ಯಾವ ದೇಶದಲ್ಲಿ ಹೆಚ್ಚು ದಿನ ತಂಗುವಿರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ಅಲ್ಲಿಂದ ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಊರ್ಜಿತವಾಗಿರಬೇಕು; ಎರಡು ಖಾಲಿ ಪುಟಗಳಿರಬೇಕು. ೩೦,೦೦೦ ಯೂರೋಗಳಿಗೆ ಕಡಮೆಯಿಲ್ಲದ ವೈದ್ಯಕೀಯ ವಿಮೆ ಬೇಕು. ಶುಲ್ಕ ೨೦೨೪ರ ಜೂನಿನಿಂದ ವಯಸ್ಕರಿಗೆ ೯೦ ಯೂರೋ. ವೀಸಾ ಸಿಗಲಿ ಬಿಡಲಿ, ಆ ಹಣ ಹಿಂತಿರುಗದು.

ಇವೆಲ್ಲವನ್ನೂ ನೋಡಿಕೊಳ್ಳಲು ಮಾವನವರು ಒಬ್ಬ ಮಧ್ಯಸ್ಥನನ್ನು ಹಿಡಿದರು. ಅವನು ಕೇಳಿದ ಪ್ರಶ್ನೆಗಳೇ ಮನೆಯಲ್ಲಿ ನಗೆಗೆ ಕಾರಣವಾದವು. ಮಾವನವರ ಜನ್ಮದಿನ ಜೂನ್ ೧. ಪಕ್ಕದ ಮನೆಯ ಹಿರಿಯರದೂ ಜೂನ್ ೧. ಶಾಲೆಗೆ ಸೇರಿಸಿಕೊಂಡ ಮಾಸ್ತರರು ಆ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ದಯಪಾಲಿಸಿದ ಜನ್ಮದಿನವದು. ಹುಟ್ಟಿದ ಊರಿನ ವಿಷಯವೂ ಹಾಗೆಯೇ. ೧೯೫೦ರಲ್ಲಿ ಅವರು ಹುಟ್ಟಿದಾಗ ಬ್ಯಾಡಗಿ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು; ೧೯೭೩ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು; ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಯಿತು. “ನಾ ಎದ್ದು ಎಲ್ಲೂ ಹೋಗಿಲ್ಲಪಾ, ಊರ ತಿರಗಾಡೇತಿ” ಎಂದರು ಮಾವನವರು.

ಮಧ್ಯಸ್ಥ ಒಂದು ಉಪಾಯವನ್ನೂ ಹೇಳಿಕೊಟ್ಟ. ಅತ್ತೆಯವರ ಖಾತೆಯಲ್ಲಿ ಹಣ ಕಡಮೆಯಿದೆ. ಅರ್ಜಿ ಹಾಕುವ ಮೊದಲು ಐದು ಲಕ್ಷ ತುಂಬಿಬಿಡಿ, ಆಮೇಲೆ ತೆಗೆದುಕೊಳ್ಳಿರಿ ಎಂದ. ಮಾವನವರು ಹಾಗೆಯೇ ಮಾಡಿದರು. ಅತ್ತೆಯವರದೆಂದು ತವರಿನ ಮೂರು ಎಕರೆ ಹೊಲದ ಪಹಣಿಯನ್ನೂ, ಅದರ ಲಾವಣಿ ಹಣ ಜಮೆಯಾಗುವ ಪತ್ತಿನ ಸಂಘದ ಪುಸ್ತಕವನ್ನೂ ಲಗತ್ತಿಸಿದರು. ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟು, ಯಂತ್ರದ ಮೇಲೆ ಹತ್ತೂ ಬೆರಳು ಒತ್ತಿ ಬಂದರು. ಅತ್ತೆಯವರ ಬೆರಳಿನ ಗೆರೆ ಮೂರು ಸಲ ಒತ್ತಿದ ಮೇಲೆ ಮೂಡಿತು. ಒಲೆ, ಒರಳು, ಕೊಡ ಎಂದು ದುಡಿದ ಕೈ, ಗೆರೆ ಸವೆದಿತ್ತು.

ಎರಡು ವಾರಗಳ ಮೇಲೆ ಎರಡು ಲಕ್ಕೋಟೆ ಬಂದವು. ಮಾವನವರಿಗೆ ವೀಸಾ ಸಿಕ್ಕಿತ್ತು. ಅತ್ತೆಯವರಿಗೆ ಇಲ್ಲ.

ನಿರಾಕರಣೆಗೆ ಒಂದು ಅಚ್ಚಾದ ನಮೂನೆಯಿರುತ್ತದೆ. ಕಾರಣಗಳ ಪಟ್ಟಿಯಲ್ಲಿ ಅನ್ವಯಿಸುವುದಕ್ಕೆ ಗುರುತು ಹಾಕಿರುತ್ತಾರೆ. ಇಲ್ಲಿ ಎರಡಕ್ಕೆ ಗುರುತಿತ್ತು: ಕೊಟ್ಟ ವಿವರಗಳು ನಂಬಲರ್ಹವಲ್ಲ, ಅವಧಿ ಮುಗಿಯುವ ಮೊದಲು ಇವರು ಹಿಂತಿರುಗುವರೆಂಬ ಬಗ್ಗೆ ಸಂದೇಹವಿದೆ. ಮಾವನವರು ಕೆರಳಿದರು. “ಅಕಿ ತವರಮನಿಗೆ ಹೋದ್ರ ಎರಡನೇ ದಿನಕ್ಕ ಎಮ್ಮಿ ನೆನಸಿಕೊಂಡು ಬರ್ತಾಳ. ಅಲ್ಲಿ ಯಾಕ ಉಳೀತಾಳಪಾ?” ಎಂದು ನನ್ನನ್ನೇ ಕೇಳಿದರು. ಅತ್ತೆಯವರು ಮಾತ್ರ ಶಾಂತವಾಗಿ, “ನೀವು ಹೋಗಿಬರ್ರಿ. ಫೋಟೋ ತಗೊಂಡು ಬರ್ರಿ, ನೋಡ್ತೀನಿ” ಎಂದರು. ಆ ಮಾತಿಗೆ ಮಾವನವರ ಸಿಟ್ಟು ಇಳಿದುಹೋಯಿತು. ಅವರು ಹೋಗಲಿಲ್ಲ. ಉಳಿದ ಮೂರು ದಂಪತಿಗಳು ಹೊರಟುಹೋದರು.

ಅಂದು ರಾತ್ರಿ ನಾನು ಆ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಓದಿದೆ. ಕಾರಣ ಎದುರಿಗೇ ಇತ್ತು. ಅತ್ತೆಯವರಿಗೆ ತವರಿನವರು ಇಟ್ಟದ್ದು ಒಂದು ನದಿಯ ಹೆಸರು. ಮದುವೆಯ ದಿನ ಅಕ್ಕಿಯ ಮೇಲೆ ಬರೆಸಿ ನಮ್ಮವರು ಇಟ್ಟದ್ದು ದೇವಿಯ ಹೆಸರು. ಆಧಾರ್, ಪಾಸ್‌ಪೋರ್ಟು, ಬ್ಯಾಂಕಿನ ಖಾತೆಗಳಲ್ಲಿ ದೇವಿಯ ಹೆಸರು, ಗಂಡನ ಹೆಸರು, ನಮ್ಮ ಅಡ್ಡಹೆಸರು. ಪಹಣಿಯಲ್ಲಿಯೂ ಪತ್ತಿನ ಸಂಘದ ಪುಸ್ತಕದಲ್ಲಿಯೂ ನದಿಯ ಹೆಸರು, ತಂದೆಯ ಹೆಸರು, ತವರಿನ ಅಡ್ಡಹೆಸರು. ಮೇಜಿನ ಆಚೆ ಕುಳಿತ ಅಧಿಕಾರಿಗೆ ಇದು ಬೇರೊಬ್ಬ ಹೆಂಗಸಿನ ಆಸ್ತಿಯಂತೆ ಕಂಡಿದ್ದರೆ ಆಶ್ಚರ್ಯವೇನು? ಮದುವೆಯ ನೋಂದಣಿ ಪತ್ರವಂತೂ ಇರಲೇ ಇಲ್ಲ. ಇವೆಲ್ಲದರ ಮೇಲೆ, ವರ್ಷವಿಡೀ ಕೆಲವು ಸಾವಿರ ಮಾತ್ರ ಇದ್ದ ಖಾತೆಯಲ್ಲಿ ಹತ್ತು ದಿನಗಳ ಹಿಂದೆ ಐದು ಲಕ್ಷ! ಹಣ ಎಲ್ಲಿಂದ ಬಂತೆಂಬುದಕ್ಕೆ ಒಂದು ಸಾಲಿನ ವಿವರಣೆಯೂ ಇಲ್ಲ.

ನಾನು ಇದನ್ನು ಹೇಳಿದಾಗ ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅಂದರು: “ತಮ್ಮಾ, ಊರಾನವರಿಗೆ ಬಾಯಿಮಾತು, ಪರಊರವರಿಗೆ ಬರವಣಿಗಿ ಅಂತ ನಾನs ಅಂಗಡ್ಯಾಗ ಹೇಳ್ತಿದ್ದೆ. ಗುರುತಿಲ್ಲದ ವ್ಯಾಪಾರಿಗೆ ಒಂದ ಚೀಲನೂ ಉದ್ರಿ ಕೊಟ್ಟಾಂವಲ್ಲ. ಅಂವನೂ ಹಂಗs ಮಾಡ್ಯಾನ.” ಸ್ವಲ್ಪ ತಡೆದು, “ಮನಿ ನನ್ನ ಹೆಸರೀಲೆ, ಅಂಗಡಿ ನನ್ನ ಹೆಸರೀಲೆ, ಠೇವಣಿ ನನ್ನ ಹೆಸರೀಲೆ. ಅಕಿ ಹೆಸರೀಲೆ ಏನೈತಿ ಅಂತ ನಾನs ಎಂದೂ ಕೇಳಿಲ್ಲ” ಎಂದರು.

ಮರುದಿನದಿಂದ ಓಡಾಟ ಮೊದಲಾಯಿತು. ಇಬ್ಬರು ಹೆಂಗಸರಲ್ಲ, ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರವಾಯಿತು. ಪಹಣಿಯಲ್ಲಿ ಹೆಸರು ಸರಿಪಡಿಸಲು ತಹಶೀಲ್ದಾರರ ಕಚೇರಿಗೆ ಅರ್ಜಿ ಹೋಯಿತು. ಬ್ಯಾಡಗಿಯ ಮನೆಯ ಉತಾರದಲ್ಲಿ ಅತ್ತೆಯವರ ಹೆಸರೂ ಸೇರಿತು. ಠೇವಣಿಗಳು ಜಂಟಿಯಾದವು. ಇನ್ನು ಮದುವೆಯ ನೋಂದಣಿ. ಅತ್ತೆಯವರ ಟ್ರಂಕಿನ ತಳದಲ್ಲಿ ೧೯೭೮ರ ಲಗ್ನಪತ್ರಿಕೆ, ಅರಿಸಿನದ ಕಲೆಯೊಂದಿಗೆ, ಸಿಕ್ಕಿತು. ಅದರಲ್ಲಿ ತವರಿನ ಹೆಸರೇ ಅಚ್ಚಾಗಿತ್ತು. ಸಾಕ್ಷಿಗಳಾಗಿ ಮೂವರು ಮುದುಕರು ಬಂದರು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಂದು ಕಾದಿದ್ದವರೆಲ್ಲ ಹೊಸ ಜೋಡಿಗಳು. ಮಾವನವರು ಯಾರಿಗೂ ಹೇಳದೆ ಹಾವೇರಿಯಿಂದ ಎರಡು ಏಲಕ್ಕಿ ಹಾರ ತರಿಸಿದ್ದರು. ಅತ್ತೆಯವರು ನಾಚಿ, “ಮಂದಿ ನೋಡ್ತಾರ” ಎಂದರು. ಮಂದಿ ನೋಡಿದರು, ಚಪ್ಪಾಳೆಯನ್ನೂ ತಟ್ಟಿದರು.

ಎಲ್ಲವೂ ಮುಗಿಯಲು ಎಂಟು ತಿಂಗಳು ಹಿಡಿಯಿತು. ಆ ಐದು ಲಕ್ಷವನ್ನು ಮಾವನವರು ಹಿಂದೆ ತೆಗೆಯಲಿಲ್ಲ. ಅದು ಅತ್ತೆಯವರದಾಗಿಯೇ ಉಳಿಯಿತು. ಈ ಸಲ ಮಧ್ಯಸ್ಥನಿಲ್ಲದೆ ನಾವೇ ಅರ್ಜಿ ತುಂಬಿದೆವು. ಹಿಂದಿನ ನಿರಾಕರಣೆಯನ್ನು ಮುಚ್ಚಿಡಬಾರದು. ಅರ್ಜಿಯ ವಿವರಗಳು ಆ ದೇಶಗಳ ಸಮಾನ ದಾಖಲೆಯಲ್ಲಿ ಐದು ವರ್ಷ ಉಳಿಯುತ್ತವೆ. ಒಬ್ಬರಿಂದ ಅಡಗಿಸಿದ್ದು ಇನ್ನೊಬ್ಬರಿಗೆ ಕಾಣುತ್ತದೆ. ಆದ್ದರಿಂದ ಒಂದು ಪುಟದ ಪತ್ರದಲ್ಲಿ ಎರಡು ಹೆಸರು ಬಂದದ್ದೇಕೆ, ಹಣ ಕೊಟ್ಟವರು ಯಾರು, ಹಿಂದಿನ ತಪ್ಪೇನು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಬೆರಳಚ್ಚು ಮತ್ತೆ ಬೇಕಾಗಲಿಲ್ಲ. ಒಮ್ಮೆ ಕೊಟ್ಟದ್ದು ೫೯ ತಿಂಗಳ ತನಕ ನಡೆಯುತ್ತದೆ. ವೀಸಾ ಕೈಸೇರುವ ತನಕ, ಹಣ ಹಿಂತಿರುಗದಂಥ ಟಿಕೆಟನ್ನು ಕೊಳ್ಳಲಿಲ್ಲ.

ಇಬ್ಬರಿಗೂ ವೀಸಾ ಬಂತು. ಹನ್ನೊಂದು ದಿನ ತಿರುಗಿ, ಹಿಮವನ್ನು ಮುಟ್ಟಿ, ಹೇಳಿದ ದಿನಕ್ಕೆ ಮರಳಿ ಬಂದರು. ಹೀಗೆ ಹೇಳಿದ ಹಾಗೆ ಹಿಂತಿರುಗುವವರಿಗೆ ಒಂದು ಲಾಭವೂ ಉಂಟು: ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಅನೇಕ ಸಲ ಪ್ರವೇಶಿಸಬಹುದಾದ ವೀಸಾ ಕೊಡುವ ನಿಯಮವನ್ನು ೨೦೨೪ರ ಏಪ್ರಿಲಿನಲ್ಲಿ ಮಾಡಿದ್ದಾರೆ. ಅತ್ತೆಯವರಿಗೆ ಇದನ್ನು ಹೇಳಿದಾಗ, “ಸಾಕು, ಎಮ್ಮಿ ಬಡಕಲಾಗೇತಿ” ಎಂದರು.

ಎಲ್ಲರೂ ವಿದೇಶಕ್ಕೆ ಹೋಗುವವರಲ್ಲ. ಆದರೂ ವಾಚಕರಲ್ಲಿ ನನ್ನದೊಂದು ವಿನಂತಿ. ಬರುವ ಭಾನುವಾರ ಮಧ್ಯಾಹ್ನ ಮನೆಯ ಟ್ರಂಕನ್ನು ಹೊರಗೆ ತೆಗೆಯಿರಿ. ಮನೆಯಾಕೆಯ ಹೆಸರು ಎಷ್ಟು ಕಾಗದಗಳಲ್ಲಿದೆ, ಎಲ್ಲದರಲ್ಲಿಯೂ ಒಂದೇ ರೀತಿಯಾಗಿದೆಯೇ ಎಂದು ಇಬ್ಬರೂ ಕೂಡಿ ನೋಡಿರಿ. ಅತ್ತೆಯವರ ವೀಸಾದ ಅವಧಿ ಎಂದೋ ಮುಗಿದಿದೆ. ಉತಾರದಲ್ಲಿ ಅವರ ಹೆಸರು ಹಾಗೆಯೇ ಇದೆ. ಅದರ ಒಂದು ನಕಲನ್ನು ಅವರು ಲಗ್ನಪತ್ರಿಕೆಯೊಡನೆ ಮಡಿಸಿ ಟ್ರಂಕಿನಲ್ಲಿಟ್ಟಿದ್ದಾರೆ.