ತಾತನ ಲೆಕ್ಕದ ಪುಸ್ತಕ: ಕಾರು ಕೊಳ್ಳುವ ಮುನ್ನ ಒಂದು ಹಾಳೆ, ಒಂದು ಪೆನ್ಸಿಲ್



ನಿಮ್ಮ ಅಜ್ಜಿಗೆ, ಅಂದರೆ ನಮ್ಮ ಮನೆಯಾಕೆಗೆ, ಮಂಡಿ ಆಪರೇಷನ್ ಆಗಿದೆ. ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಬಾಡಿಗೆ ಕಾರು ನಮಗೆ ಬೇಕಾದ ದಿನವೇ ಮದುವೆಗೆ ಹೋಗಿರುತ್ತದೆ. ಕೊನೆಗೆ ಮಗ ಹೇಳಿದ: "ಅಪ್ಪ, ಇನ್ನು ನಮ್ದೇ ಒಂದು ಕಾರು ತಗೊಳ್ಳಾದೇ ಸರಿ."

ಸರಿ ಎಂದೆ. ಅಲ್ಲಿಂದ ಶುರುವಾಯಿತು ನೋಡಿ. ಮಗನಿಗೆ ಎತ್ತರದ ಕಾರು ಬೇಕು. ಆರನೇ ಕ್ಲಾಸಿನ ಮೊಮ್ಮಗನಿಗೆ ಚಾವಣಿಯಲ್ಲಿ ಕಿಟಕಿ ಇರುವ ಕೆಂಪು ಕಾರು ಬೇಕು. ಸೊಸೆಗೆ ಕಮ್ಮಿ ಸಾಲದ ಕಾರು ಬೇಕು. ಮಾತಿನ ನಡುವೆ ಮಗ, "ಬ್ಯಾಂಕಲ್ಲಿರೋ ಆ ಎಫ್.ಡಿ. ಮುರಿಸಿದ್ರೆ ದೊಡ್ಡದೇ ತಗೋಬಹುದು" ಎಂದ. ಆ ಎಫ್.ಡಿ. ಮೊಮ್ಮಗಳ ಕಾಲೇಜಿಗೆಂದು ನನ್ನ ನಿವೃತ್ತಿಯ ಹಣದಲ್ಲಿ ಇಟ್ಟದ್ದು. ಒಂಬತ್ತನೇ ಕ್ಲಾಸಿನ ಆ ಹುಡುಗಿ ಹೂ ಕಟ್ಟುತ್ತಾ ಅಲ್ಲೇ ಕೂತಿದ್ದಳು. ಏನೂ ಅನ್ನಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ಅವತ್ತು ರಾತ್ರಿ ಅವಳನ್ನೇ ಕರೆದು, "ಒಂದು ಹಾಳೆ ತಗೊಂಡು ಗೆರೆ ಹಾಕವ್ವ, ಲೆಕ್ಕ ಮಾಡೋಣ" ಎಂದೆ.

ನನ್ನ ಕಾಲದಲ್ಲಿ ಈ ಹಾಳೆಯೇ ಬೇಕಿರಲಿಲ್ಲ. ಆಗ ನಮ್ಮ ದೇಶದಲ್ಲಿ ಕಾರು ಎಂದರೆ ಮುಖ್ಯವಾಗಿ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಸಿಕ್ಕಿದ್ದೇ ಭಾಗ್ಯ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ನಮ್ಮಂಥ ಗುಮಾಸ್ತರೂ ಕಾರಿನ ಕನಸು ಕಾಣತೊಡಗಿದರು. ಆಮೇಲೆ ಕಂಪನಿಗಳು ಸಾಲುಗಟ್ಟಿ ಬಂದವು. ನಮ್ಮ ಬಿಡದಿಯಲ್ಲೇ ಟೊಯೋಟಾ ಕಾರ್ಖಾನೆ ಬಂತು. ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಈಗ ಆರಿಸುವುದೇ ದೊಡ್ಡ ಕೆಲಸ.

ಆರಿಸುವುದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಸುಮಾರು ಮೂವತ್ತು ವರ್ಷದ ಹಿಂದೆ ಬಣ್ಣ ನೋಡಿ, ಬೆಲೆ ಅಗ್ಗವೆಂದು ಒಂದು ಹಳೆಯ ಕಾರು ಕೊಂಡೆ. ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಲಿಲ್ಲ. ನಾದಿನಿಯ ಮದುವೆಗೆ ಹೋಗುವಾಗ ಶಿವನಸಮುದ್ರದ ರಸ್ತೆಯಲ್ಲಿ ಕೆಟ್ಟು ನಿಂತಿತು. ಮುಹೂರ್ತಕ್ಕೆ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಹೋದೆವು. ಬೇಕಾದ ಭಾಗ ಬರಲು ಒಂದೂವರೆ ತಿಂಗಳು ಹಿಡಿಯಿತು. ಅಜ್ಜಿ ಇವತ್ತಿಗೂ ಆ ರೇಷ್ಮೆ ಸೀರೆಯ ಮಸಿ ಕಲೆ ತೋರಿಸುತ್ತಾಳೆ.

ಅದಕ್ಕೇ ನಮ್ಮ ಹಾಳೆಯ ಮೊದಲ ಕಾಲಂ: "ಕೆಟ್ಟರೆ ಎಲ್ಲಿಗೆ?" ಸರ್ವಿಸ್ ಸೆಂಟರ್ ಎಷ್ಟು ದೂರ, ನಮ್ಮ ಮೆಕ್ಯಾನಿಕ್ಕಿಗೆ ಆ ಗಾಡಿ ಗೊತ್ತೇ ಎಂದು ವಿಚಾರಿಸಬೇಕು. ಕಂಪನಿ ಬಹಳ ಕಾಲ ಇಲ್ಲಿ ನಿಲ್ಲುತ್ತದೆಯೇ ಎಂಬುದನ್ನೂ ಯೋಚಿಸಬೇಕು. ಷೆವರ್ಲೆ ಕಾರುಗಳ ಮಾರಾಟ ನಮ್ಮ ದೇಶದಲ್ಲಿ 2017ರಲ್ಲಿ ನಿಂತಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಆ ಕಾರುಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಆದರೆ ಕಂಪನಿ ಹೊರಟರೆ ಮರುಮಾರಾಟದಲ್ಲಿ ಬೆಲೆ ಇಳಿಯುತ್ತದೆ.

ಎರಡನೇ ಕಾಲಂ: "ಐದು ವರ್ಷ ಓಡಿಸಿದವರು ಏನಂತಾರೆ?" ಮಾರುವವನನ್ನು ಕೇಳಿದರೆ ಎಲ್ಲವೂ ಬಂಗಾರವೇ. ಮೊಮ್ಮಗಳು ಮತ್ತು ನಾನು ಮಳವಳ್ಳಿಯ ಟ್ಯಾಕ್ಸಿ ಚಾಲಕರನ್ನು ಕೇಳಿದೆವು, ನೆಂಟರಿಗೆ ಫೋನ್ ಮಾಡಿದೆವು. ಕೇಳಿದ ಪ್ರಶ್ನೆ ಮೂರೇ. ಎಷ್ಟು ಸಲ ದಾರಿಯಲ್ಲಿ ನಿಂತಿತು? ವರ್ಷಕ್ಕೆ ರಿಪೇರಿಗೆ ಎಷ್ಟು ಖರ್ಚು? ಮತ್ತೆ ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೀರಾ? ಮೂರನೆಯದಕ್ಕೆ ಜನ ಬಹಳ ನಿಜ ಹೇಳುತ್ತಾರೆ.

ಮೂರನೆಯದು ಸುರಕ್ಷತೆ. 2023ರ ಅಕ್ಟೋಬರ್‌ನಿಂದ ನಮ್ಮಲ್ಲೇ 'ಭಾರತ್ ಎನ್‌ಕ್ಯಾಪ್' ಎಂಬ ಪರೀಕ್ಷೆ ಇದೆ. ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೆ ಗುದ್ದಿಸಿ, ಒಳಗಿನ ಗೊಂಬೆಗಳಿಗೆ ಎಷ್ಟು ಪೆಟ್ಟಾಯಿತೆಂದು ಅಳೆದು ನಕ್ಷತ್ರ ಕೊಡುತ್ತಾರೆ. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ. ಮಕ್ಕಳೇ, ನಿಮ್ಮ ನಕ್ಷತ್ರ ಎಷ್ಟೆಂದು ಅಪ್ಪನನ್ನು ಕೇಳಿ. ಎಷ್ಟೇ ನಕ್ಷತ್ರವಿದ್ದರೂ ಬೆಲ್ಟ್ ಹಾಕದವರಿಗೆ ಅದರಿಂದ ಪ್ರಯೋಜನ ಕಡಿಮೆ.

ನಾಲ್ಕನೆಯದು ನನ್ನ ಇಷ್ಟದ ಕಾಲಂ, ದುಡ್ಡು. ಷೋರೂಮಿನ ಬೋರ್ಡಿನ ಬೆಲೆ ಕೈಗೆ ಬರುವ ಬೆಲೆಯಲ್ಲ. ಮಗ ಮೆಚ್ಚಿದ ಕಾರು 8 ಲಕ್ಷ. ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ನೂರಕ್ಕೆ 14. ಅಂದರೆ 1,12,000 ರೂಪಾಯಿ. ಸೆಸ್, ವಿಮೆ, ನೋಂದಣಿ ಸೇರಿ ಒಂಬತ್ತೂವರೆ ಲಕ್ಷ. ಇನ್ನೊಂದು ಕಾರು ಆರೂವರೆ ಲಕ್ಷ, ರಸ್ತೆಗಿಳಿಯುವಾಗ 7,90,000. ನಮ್ಮ ಕೈಯಲ್ಲಿ ಕಬ್ಬಿನ ದುಡ್ಡು, ಉಳಿತಾಯ ಸೇರಿ ಮೂರೂವರೆ ಲಕ್ಷವಿತ್ತು.

ಮಗ ಹೇಳಿದ, "ಏಳು ವರ್ಷಕ್ಕೆ ಸಾಲ ಮಾಡಿದ್ರೆ ಕಂತು ಕಮ್ಮಿ ಬತ್ತದೆ." ಮೊಮ್ಮಗಳು ಲೆಕ್ಕ ಹಾಕಿದಳು. ನೂರಕ್ಕೆ ಒಂಬತ್ತು ಬಡ್ಡಿ ಎಂದು ಹಿಡಿದರೆ 6 ಲಕ್ಷಕ್ಕೆ ಏಳು ವರ್ಷ ತಿಂಗಳ ಕಂತು ಸುಮಾರು 9,650. ಕಟ್ಟುವ ಬಡ್ಡಿ ಸುಮಾರು 2,10,000. ಎರಡನೇ ಕಾರಿಗೆ 4,40,000 ಸಾಲ, ಐದೇ ವರ್ಷ, ಕಂತು ಸುಮಾರು 9,130. ಬಡ್ಡಿ ಸುಮಾರು 1,08,000. ಕಂತೂ ಕಮ್ಮಿ, ಎರಡು ವರ್ಷ ಮೊದಲೇ ಸಾಲವೂ ತೀರುತ್ತದೆ. ಮಗ ಹಾಳೆಯನ್ನು ಎರಡು ಸಲ ಓದಿದ.

ಡೀಸೆಲ್ ವಿಷಯವೂ ಬಂತು. ವರ್ಷಕ್ಕೆ 10,000 ಕಿ.ಮೀ. ಓಡಿಸುತ್ತೇವೆ ಅನ್ನಿ. ಲೀಟರಿಗೆ 20 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 500 ಲೀಟರ್. ಲೀಟರಿಗೆ 100 ರೂಪಾಯಿಯಂತೆ 50,000. ಲೀಟರಿಗೆ 25 ಕೊಡುವ ಡೀಸೆಲ್ ಕಾರಿಗೆ 400 ಲೀಟರ್. 90 ರೂಪಾಯಿಯಂತೆ 36,000. ಉಳಿಯುವುದು 14,000. ಡೀಸೆಲ್ ಕಾರಿನ ಬೆಲೆ 1,40,000 ಹೆಚ್ಚಾದರೆ ಆ ಹಣ ವಾಪಸ್ಸು ಬರಲು ಹತ್ತು ವರ್ಷ ಬೇಕು. ನಾವು ಅಷ್ಟು ಓಡಿಸುವವರೂ ಅಲ್ಲ.

ಕೊನೆಯ ಕಾಲಂ ಅಜ್ಜಿಯದು. ಮೈಸೂರಿನ ಷೋರೂಮುಗಳಲ್ಲಿ ಪ್ರತಿ ಕಾರಿಗೂ ಅವಳನ್ನೇ ಹತ್ತಿಸಿ ಇಳಿಸಿದೆವು. ಒಂದು ಬಹಳ ಎತ್ತರ, ಇನ್ನೊಂದು ಬಾವಿಗೆ ಇಳಿದಂತೆ ತಗ್ಗು. ಮಾರಾಟದ ಹುಡುಗ ಪರದೆ, ಹಾಡು, ದೀಪ ಎಲ್ಲ ತೋರಿಸುತ್ತಿದ್ದ. ಅಜ್ಜಿ ಕೇಳಿದ್ದು ಒಂದೇ: "ಕೋಲು ಇಡಕ್ಕೆ ಜಾಗ ಎಲ್ಲದಪ್ಪ?"

ಆರೂವರೆ ಲಕ್ಷದ ಕಾರಿನ ಸೀಟು ಅವಳ ಮಂಡಿಗೆ ಸರಿಹೋಯಿತು, ಕೋಲಿಗೂ ಜಾಗ ಸಿಕ್ಕಿತು. ಯಾವ ಕಂಪನಿ ಎಂದು ಬರೆಯುವುದಿಲ್ಲ. ನಿಮ್ಮ ಊರಿನ ರಸ್ತೆ, ನಿಮ್ಮ ಅಜ್ಜಿಯ ಮಂಡಿ, ನಿಮ್ಮ ಮನೆಯ ಆದಾಯ ಬೇರೆ. ಉತ್ತರವೂ ಬೇರೆ ಬರಬಹುದು.

ಮುಂಗಡ ಕಟ್ಟುವ ಮುನ್ನ ಹಾಳೆಯನ್ನು ಮತ್ತೊಮ್ಮೆ ನೋಡಿದೆ. ಅಂಚಿನಲ್ಲಿ ಮೊಮ್ಮಗಳು ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದು ಕಾಲಂ ಸೇರಿಸಿದ್ದಳು: "ನನ್ನ ಎಫ್.ಡಿ. ಮುರೀಬೇಕಾ?" ಎದುರಿಗೆ ಪ್ರಶ್ನೆ ಗುರುತು. ಕೇಳಲು ಸಂಕೋಚಪಟ್ಟು ಬರೆದಿಟ್ಟಿದ್ದಳು. ಆ ಹಾಳೆಯನ್ನು ಮಗನ ಕೈಗೆ ಕೊಟ್ಟೆ. ಅವನು ಸ್ವಲ್ಪ ಹೊತ್ತು ನೋಡಿ, ಅದರೆದುರು ತಾನೇ "ಬೇಡ" ಎಂದು ಬರೆದು ಸಹಿ ಹಾಕಿದ.

ಕಾರಿನ ಬಣ್ಣ ಕೆಂಪು. ಮೊಮ್ಮಗನಿಗೂ ಏನಾದರೂ ಸಿಗಬೇಕಲ್ಲ!

ಈ ವಾರದ ಮನೆಗೆಲಸ: ನಿಮ್ಮ ಮನೆಯಲ್ಲಿ ಮುಂದೆ ಕೊಳ್ಳುವ ದೊಡ್ಡ ವಸ್ತು ಯಾವುದು ಕೇಳಿ. ಫ್ರಿಜ್, ಸೈಕಲ್, ಪಂಪ್‌ಸೆಟ್ ಏನಾದರೂ ಸರಿ. ಅಜ್ಜಿ ತಾತನ ಜೊತೆ ಕೂತು ಗೆರೆ ಹಾಕಿ, ನಿಮ್ಮದೂ ಒಂದು ಕಾಲಂ ಸೇರಿಸಿ.